ಬೀಜ ಒಂದೇ ಗಡಿಗೆಯಲ್ಲಿ ಬೇಡ

ಹಿಂಗಾರಿ ಬಿತ್ತನೆಗೆ ಇನ್ನೊಂದು ವಾರವಿದೆ ಎನ್ನುವಾಗ ಧಾರವಾಡ ಜಿಲ್ಲೆಯ ಎರೆಸೀಮೆಯಲ್ಲಿ ತಿಳಿದ ರೈತರು ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ. ಬಿತ್ತಲೆಂದು ತೆಗೆದಿಟ್ಟ ಕಡಲೆಯಲ್ಲಿ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡುತ್ತಾರೆ. ನಾಲ್ಕಾರು ದಿನ ಕಳೆದು ಬಿಚ್ಚಿದರೆ ಎಷ್ಟು ಮೊಳೆತಿವೆ ಎಂಬುದು ತಿಳಿಯುತ್ತದೆ. ತೊಂಬತ್ತು ಮೊಳೆತಿದ್ದರೆ ಚಿಂತೆಯಿಲ್ಲ. ಐವತ್ತಕ್ಕೆ ಇಳಿದಿದ್ದರೆ ಬೇರೆ ಬೀಜ ಹುಡುಕಬೇಕು. ಕಾಳು ಕಣ್ಣಿಗೆ ದುಂಡಗೆ ಕಂಡಿತೆಂದು ನಂಬಿ ಕೂತವರು ವರ್ಷದ ಬೆಳೆಯನ್ನೇ ಕಳೆದುಕೊಳ್ಳಬೇಕಾದೀತು.

ನವಲಗುಂದ ತಾಲೂಕಿನ ಮೊರಬದಲ್ಲಿ ಅಂಥದೊಂದು ಮನೆ ಇದೆ ಎಂದಿಟ್ಟುಕೊಳ್ಳಿ. ಅಪ್ಪ ಪಡಸಾಲೆಯಲ್ಲಿ ಕೂತು ಬೀಜ ನೋಡುತ್ತಿದ್ದಾನೆ. ಹುಬ್ಬಳ್ಳಿಯಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿರುವ ಮಗಳು ರಜೆಗೆ ಬಂದಿದ್ದಾಳೆ. ಅವಳ ಮುಂದೆ ಹಳೆಯದೊಂದು ಲ್ಯಾಪ್‌ಟಾಪು. ಅದರೊಳಗೆ ಆರು ತಿಂಗಳಿಂದ ಬರೆಯುತ್ತಿರುವ ಪ್ರಾಜೆಕ್ಟ್ ವರದಿ ಇದೆ. ಹತ್ತನೆಯ ತರಗತಿಯಿಂದ ಇಲ್ಲಿಯವರೆಗಿನ ಅಂಕಪಟ್ಟಿಗಳು, ಜಾತಿ-ಆದಾಯ ಪ್ರಮಾಣಪತ್ರ, ಹೊಲದ ಉತಾರ, ವಿದ್ಯಾರ್ಥಿವೇತನದ ಅರ್ಜಿಗಳು ಇವೆ. ತೀರಿಕೊಂಡ ಅಜ್ಜ ಜಾತ್ರೆಯ ದಿನ ರುಮಾಲು ಸುತ್ತಿಕೊಂಡು ನಿಂತ ಚಿತ್ರವೂ ಇದೆ. ಅಜ್ಜನ ಚಿತ್ರ ಮನೆಯಲ್ಲಿ ಇರುವುದು ಅದೊಂದೇ.

“ಇದೆಲ್ಲಾ ಈ ಪೆಟ್ಟಿಗ್ಯಾಗ ಅಷ್ಟ ಐತೇನವ್ವಾ? ಬ್ಯಾರೆ ಕಡೆ ಎಲ್ಲ್ಯರ ಇಟ್ಟೀಯೋ?” ಎಂದು ಅಪ್ಪ ಕೇಳುತ್ತಾನೆ.

“ಇಲ್ಲಪ್ಪಾ, ಇದರಾಗಷ್ಟ ಐತಿ.”

“ಬಿತ್ತೂ ಕಾಳು ಯಾರರ ಒಂದ ಗಡಿಗ್ಯಾಗ ಇಡ್ತಾರೇನು?”

ಅಪ್ಪನಿಗೆ ಕಂಪ್ಯೂಟರು ಗೊತ್ತಿಲ್ಲದಿರಬಹುದು. ಆದರೆ ಕಂಪ್ಯೂಟರು ಕಲಿತವರು ಮೊದಲು ಕಲಿಯಬೇಕಾದ ಪಾಠ ಅವನಿಗೆ ಗೊತ್ತಿದೆ. ಕಳೆದುಕೊಳ್ಳಬಾರದ ವಸ್ತು ಒಂದಕ್ಕಿಂತ ಹೆಚ್ಚು ಕಡೆ ಇರಬೇಕು, ಮತ್ತು ಇಟ್ಟದ್ದು ಇನ್ನೂ ಜೀವಂತವಾಗಿದೆಯೇ ಎಂದು ಆಗಾಗ ತೆಗೆದು ನೋಡಬೇಕು. ಕಂಪ್ಯೂಟರಿನ ಭಾಷೆಯಲ್ಲಿ ಇದಕ್ಕೆ ಬ್ಯಾಕಪ್ ಎನ್ನುತ್ತಾರೆ. ಈ ಕೆಲಸವನ್ನು ಮನುಷ್ಯನ ಮರೆವಿಗೆ ಬಿಡದೆ ಹತ್ತು ಸಾಲಿನ ಒಂದು ಸಣ್ಣ ಸ್ಕ್ರಿಪ್ಟಿಗೆ ಒಪ್ಪಿಸಬಹುದು. ಅದನ್ನು ಬರೆಯಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಪಿಯುಸಿ ಹುಡುಗ-ಹುಡುಗಿಯರಿಗೂ ಒಂದು ರವಿವಾರದ ಕೆಲಸ ಅದು.

ಸಾವಿರ ಪ್ರತಿಗಳ ಅತ್ತಿಮಬ್ಬೆ

ಪ್ರತಿ ಮಾಡಿ ಉಳಿಸುವ ವಿದ್ಯೆ ಕಂಪ್ಯೂಟರಿನಷ್ಟು ಹೊಸದೇನೂ ಅಲ್ಲ. ಮೊರಬದಿಂದ ನವಲಗುಂದ, ಅಣ್ಣಿಗೇರಿ ದಾಟಿ ಗದಗದ ಆಚೆಗೆ ಹೋದರೆ ಲಕ್ಕುಂಡಿ ಸಿಗುತ್ತದೆ. ಅಲ್ಲಿಯ ಬ್ರಹ್ಮಜಿನಾಲಯ ‘ದಾನಚಿಂತಾಮಣಿ’ ಎಂದು ಹೆಸರಾದ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಹತ್ತನೆಯ ಶತಮಾನದ ಕೊನೆ, ಹನ್ನೊಂದರ ಆರಂಭದಲ್ಲಿ ಬಾಳಿದ ಈ ಮಹಿಳೆ ಕವಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಆಗ ಅಚ್ಚುಕೂಟ ಇರಲಿಲ್ಲ. ಒಂದೊಂದು ಪ್ರತಿಯನ್ನೂ ಲಿಪಿಕಾರ ಕಂಠದಿಂದ ಓಲೆಗರಿಯ ಮೇಲೆ ಕೊರೆಯಬೇಕಾಗಿತ್ತು.

ಶಾಂತಿಪುರಾಣ ಇಂದಿಗೂ ಓದಲು ಸಿಗುತ್ತದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಎಂಬ ಇನ್ನೊಂದು ಕಾವ್ಯ ಇಡಿಯಾಗಿ ಸಿಕ್ಕಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ ‘ಅಜಿತಪುರಾಣ’ ಬರೆದ ರನ್ನನ ‘ಪರಶುರಾಮಚರಿತ’ ಕೂಡ ಹೆಸರಷ್ಟೇ ಉಳಿದ ಕೃತಿ. ಕವಿಗಳು ದೊಡ್ಡವರೇ, ಹಳಗನ್ನಡದ ರತ್ನತ್ರಯರಲ್ಲಿ ಇಬ್ಬರು. ಆದರೆ ಗೆದ್ದಲಿಗೆ, ಬೆಂಕಿಗೆ, ತೇವಕ್ಕೆ ಕವಿಯ ದೊಡ್ಡತನ ತಿಳಿಯುವುದಿಲ್ಲ. ಕೃತಿ ಕಳೆದುಹೋಗಲು ನೂರು ಕಾರಣಗಳಿರಬಹುದು. ಉಳಿಯುವ ದಾರಿ ಮಾತ್ರ ಒಂದೇ: ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕೈಗಳಲ್ಲಿ ಅದರ ಪ್ರತಿಗಳಿರಬೇಕು.

ಇಂದಿನ ಓಲೆಗರಿಗೂ ಗೆದ್ದಲು ಬೇರೆ ರೂಪದಲ್ಲಿ ಇದ್ದೇ ಇದೆ. ಹಾರ್ಡ್ ಡಿಸ್ಕಿಗೆ ಆಯುಷ್ಯ ಮುಗಿಯುತ್ತದೆ. ಪೆನ್ ಡ್ರೈವು ಬಸ್ಸಿನಲ್ಲಿ ಬಿದ್ದುಹೋಗುತ್ತದೆ. ಸಿಡಿಲು ಬಡಿದು ವಿದ್ಯುತ್ ಏರಿಳಿತವಾದರೆ ಯಂತ್ರ ಸುಟ್ಟುಹೋಗಬಹುದು. ಮಳೆಗಾಲದಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ನವಲಗುಂದ ಸೀಮೆಯ ಹೊಲ-ಮನೆಗಳಿಗೆ ನೀರು ನುಗ್ಗುವುದು ಇಲ್ಲಿಯವರಿಗೆ ಹೊಸದಲ್ಲ. ಇವೆಲ್ಲಕ್ಕಿಂತ ಹೆಚ್ಚು ಸಲ ನಡೆಯುವ ಅನಾಹುತ ಇನ್ನೂ ಸರಳವಾದದ್ದು. ನಿದ್ದೆಗಣ್ಣಿನಲ್ಲಿ ಬೇಡದ ಫೈಲನ್ನು ಅಳಿಸಲು ಹೋಗಿ ಬೇಕಾದ ಫೈಲನ್ನೇ ಅಳಿಸಿಬಿಡುವುದು!

ದೊಡ್ಡವರೂ ಎಡವಿದ್ದಾರೆ

ಹಳ್ಳಿಯ ವಿದ್ಯಾರ್ಥಿ ಮಾತ್ರ ಹೀಗೆ ಎಡವುತ್ತಾನೆ ಎಂದುಕೊಳ್ಳಬೇಕಾಗಿಲ್ಲ. ಅಮೆರಿಕದ ಪಿಕ್ಸಾರ್ ಸಂಸ್ಥೆ 1998ರಲ್ಲಿ ‘ಟಾಯ್ ಸ್ಟೋರಿ 2’ ಎಂಬ ಆನಿಮೇಷನ್ ಚಿತ್ರ ತಯಾರಿಸುತ್ತಿತ್ತು. ಯಾರೋ ಕೊಟ್ಟ ಒಂದೇ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ನೋಡನೋಡುತ್ತಿದ್ದಂತೆ ಅಳಿಸಿಹೋದವು. ಬ್ಯಾಕಪ್ ಇದೆಯಲ್ಲ ಎಂದು ತೆರೆದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡುತ್ತಲೇ ಇರಲಿಲ್ಲ. ಕೊನೆಗೆ ಚಿತ್ರವನ್ನು ಉಳಿಸಿದವರು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆ. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿ ಇತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಹಸುಗೂಸನ್ನು ತರುವಷ್ಟು ಜೋಪಾನವಾಗಿ ಸ್ಟುಡಿಯೋಕ್ಕೆ ತಂದರು. ಚಿತ್ರ 1999ರಲ್ಲಿ ತೆರೆ ಕಂಡಿತು.

ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್ ನಗರದಲ್ಲಿರುವ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಹತ್ತಿತು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಭಂಡಾರ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್ ಮಾಹಿತಿ. ಒಂದು ಟೆರಾಬೈಟ್ ಎಂದರೆ ಸಾವಿರ ಗಿಗಾಬೈಟ್. ಭಂಡಾರ ಬಹಳ ದೊಡ್ಡದು ಎಂಬ ಕಾರಣಕ್ಕೆ ಅದರ ಪ್ರತಿಯನ್ನು ಬೇರೆ ಕಡೆ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದೆ ಇರುವ ದೇಶದ ಕಥೆ ಇದು.

ಮೊದಲ ಘಟನೆಯಲ್ಲಿ ಬ್ಯಾಕಪ್ ಇತ್ತು, ಅದನ್ನು ಯಾರೂ ತೆಗೆದು ನೋಡಿರಲಿಲ್ಲ. ಎರಡನೆಯದರಲ್ಲಿ ಎಲ್ಲವೂ ಒಂದೇ ಗಡಿಗೆಯಲ್ಲಿತ್ತು. ಮೊರಬದ ಅಪ್ಪ ಕೇಳಿದ ಪ್ರಶ್ನೆಯನ್ನು ಯಾರಾದರೂ ಮೊದಲೇ ಕೇಳಿದ್ದರೆ!

ಪ್ರತಿ ಬೇರೆ, ಕನ್ನಡಿ ಬೇರೆ

“ನನ್ನ ಚಿತ್ರಗಳೆಲ್ಲ ಗೂಗಲ್‌ನಲ್ಲಿ ಇವೆ, ನನಗೇಕೆ ಈ ಚಿಂತೆ?” ಎಂದು ಹಲವರು ಕೇಳುತ್ತಾರೆ. ಅಂತರಜಾಲದ ಭಂಡಾರಗಳು ಉಪಯುಕ್ತವೇ. ಆದರೆ ಅವುಗಳಲ್ಲಿ ಬಹುಪಾಲು ಕನ್ನಡಿಯಂತೆ ಕೆಲಸ ಮಾಡುತ್ತವೆ. ಇಲ್ಲಿ ಕಂಡದ್ದು ಅಲ್ಲಿ ಕಾಣುತ್ತದೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲ ದಿನ ಉಳಿದರೂ ಅದಕ್ಕೊಂದು ಗಡುವಿದೆ. ಉಚಿತ ಜಾಗಕ್ಕೂ ಮಿತಿ ಇದೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಚಿತ್ರ ತುಂಬುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಇನ್ನು ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರ ಕುಗ್ಗಿ, ಮೂಲದ ಸ್ಪಷ್ಟತೆ ಕಳೆದುಕೊಂಡಿರುತ್ತದೆ. ಅಜ್ಜನ ಚಿತ್ರವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆಂದಾಗ ಇದರ ಬೆಲೆ ತಿಳಿಯುತ್ತದೆ.

ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್ ಅಂಕಪಟ್ಟಿಯಂಥ ಸರಕಾರಿ ದಾಖಲೆಗಳಿಗೆ ಒಳ್ಳೆಯ ಆಸರೆ. ವಿದ್ಯಾರ್ಥಿಗಳೆಲ್ಲರೂ ಅದನ್ನು ಬಳಸಬೇಕು. ಆದರೆ ಮಗಳ ಪ್ರಾಜೆಕ್ಟ್ ವರದಿಯನ್ನು ಸರಕಾರ ಬರೆದುಕೊಟ್ಟಿಲ್ಲ. ಅದು ಕಳೆದರೆ ಮತ್ತೆ ಕೊಡಲು ಯಾವ ಕಚೇರಿಯೂ ಇಲ್ಲ.

ನಿಜವಾದ ಪ್ರತಿಗೆ ಹಿಂದಿನ ದಿನಗಳ ನೆನಪು ಇರಬೇಕು. ಇಂದು ವರದಿಯ ಮೂರನೆಯ ಅಧ್ಯಾಯ ಕೆಟ್ಟುಹೋಯಿತು, ನಾಲ್ಕು ದಿನದ ಹಿಂದೆ ಅದು ಸರಿಯಾಗಿತ್ತು ಎಂದಾದರೆ ನಾಲ್ಕು ದಿನದ ಹಿಂದಿನದು ಸಿಗುವಂತಿರಬೇಕು. ಆದ್ದರಿಂದಲೇ ತಾರೀಖು ಹಾಕಿ ಕಟ್ಟಿಟ್ಟ ಗಂಟುಗಳು ಬೇಕು. ಹೀಗೆ ಗಂಟು ಕಟ್ಟುವುದನ್ನು ಆರ್ಕೈವ್ ಮಾಡುವುದು ಎನ್ನುತ್ತಾರೆ.

ಮರೆಯದ ಆಳು

ಇದನ್ನೆಲ್ಲ ಕೈಯಾರೆ ಮಾಡಲು ಹೊರಟವರು ಮೊದಲ ವಾರ ತಪ್ಪದೆ ಮಾಡುತ್ತಾರೆ. ಎರಡನೆಯ ವಾರ ಒಂದು ದಿನ ಬಿಡುತ್ತಾರೆ. ಪರೀಕ್ಷೆ ಬಂದಾಗ ಪೂರ್ತಿ ಮರೆಯುತ್ತಾರೆ. ವಿಚಿತ್ರವೆಂದರೆ ಫೈಲು ಕಳೆದರೆ ಅತಿ ಹೆಚ್ಚು ನಷ್ಟವಾಗುವುದು ಆ ಪರೀಕ್ಷೆಯ ದಿನಗಳಲ್ಲೇ! ಮನುಷ್ಯನ ಮರೆವಿಗೆ ಮದ್ದು ಎಂದರೆ ಮರೆಯದ ಆಳೊಬ್ಬನನ್ನು ಇಟ್ಟುಕೊಳ್ಳುವುದು. ಸ್ಕ್ರಿಪ್ಟ್ ಅಂಥ ಆಳು.

ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಚೀಟಿ. ಹೊಲಕ್ಕೆ ಹೋಗುವ ಆಳಿಗೆ “ಮೊದಲು ಇದು ಮಾಡು, ಆಮೇಲೆ ಅದು ಮಾಡು, ಮುಗಿದ ಮೇಲೆ ಬಂದು ಹೇಳು” ಎಂದಂತೆ. ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ಅದರ ವ್ಯಾಕರಣದಲ್ಲಿ ಬರೆಯಬೇಕು. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮೊರಬದ ಹುಡುಗಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕಾದ ಚೀಟಿ ಹೀಗಿರುತ್ತದೆ:

ಒಂದು: ಪೆನ್ ಡ್ರೈವು ಹಾಕಿದೆಯೇ, ಅದು ನಮ್ಮದೇ ಪೆನ್ ಡ್ರೈವೇ ನೋಡು. ಅಲ್ಲದಿದ್ದರೆ ಹೇಳಿ ಅಲ್ಲಿಗೇ ನಿಲ್ಲು.

ಎರಡು: ಇಂದಿನ ತಾರೀಖನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದುಕೋ.

ಮೂರು: ‘ಬರಹ’ ಎಂಬ ಫೋಲ್ಡರನ್ನು ಪೂರ್ತಿ ಒಂದು ಗಂಟು ಕಟ್ಟಿ, ಅದಕ್ಕೆ ಆ ತಾರೀಖಿನ ಹೆಸರಿಟ್ಟು ಪೆನ್ ಡ್ರೈವಿನಲ್ಲಿಡು.

ನಾಲ್ಕು: ‘ಚಿತ್ರ’ ಎಂಬ ಫೋಲ್ಡರಿನಲ್ಲಿ ಹೊಸದಾಗಿ ಬಂದ ಫೈಲುಗಳನ್ನು ಮಾತ್ರ ಪೆನ್ ಡ್ರೈವಿಗೆ ಸೇರಿಸು. ಅಲ್ಲಿರುವ ಯಾವುದನ್ನೂ ಅಳಿಸಬೇಡ.

ಐದು: ಏನು ಮಾಡಿದೆ, ಎಷ್ಟು ಫೈಲು, ಯಾವ ಹೊತ್ತಿಗೆ ಎಂದು ದಿನಚರಿಯಲ್ಲಿ ಬರೆ.

ಆರು: ಎಲ್ಲವೂ ಸರಿಯಾದರೆ ‘ಆಯಿತು’ ಎನ್ನು. ಎಲ್ಲಿಯಾದರೂ ತಪ್ಪಿದ್ದರೆ ದೊಡ್ಡದಾಗಿ ಹೇಳು.

ಇಷ್ಟೇ. ಇದನ್ನು ಯಂತ್ರದ ಭಾಷೆಗೆ ತರುವಾಗ ಒಂದೊಂದು ಸಾಲಿನಲ್ಲೂ ಕಲಿಯುವುದು ಇದೆ.

ಒಂದೊಂದೇ ಸಾಲು

ಮೊದಲ ಸಾಲು ಏಕೆ? ಪೆನ್ ಡ್ರೈವಿಗೆ ವಿಂಡೋಸ್ ಕೊಡುವ ಅಕ್ಷರ ಬದಲಾಗುತ್ತಿರುತ್ತದೆ. ಇಂದು ‘ಇ’ ಎಂದಿದ್ದದ್ದು ನಾಳೆ ‘ಎಫ್’ ಆಗಬಹುದು. ಗೆಳತಿಯ ಪೆನ್ ಡ್ರೈವಿಗೆ ತನ್ನ ಮನೆಯ ಉತಾರ ಹೋಗಿ ಕೂರಬಹುದು. ಇದಕ್ಕೊಂದು ಸುಲಭ ಉಪಾಯವಿದೆ. ತನ್ನ ಪೆನ್ ಡ್ರೈವಿನಲ್ಲಿ ಗುರುತಿಗಾಗಿ ಒಂದು ಖಾಲಿ ಫೈಲು ಇಡುವುದು. ಸ್ಕ್ರಿಪ್ಟು ಮೊದಲು ಆ ಗುರುತನ್ನು ಹುಡುಕುತ್ತದೆ, ಸಿಗದಿದ್ದರೆ ಮುಂದೆ ಹೋಗುವುದಿಲ್ಲ.

ಎರಡನೆಯ ಸಾಲಿನಲ್ಲಿ ತಾರೀಖಿನ ಕ್ರಮಕ್ಕೆ ಮಹತ್ವವಿದೆ. ನಾವು ರೂಢಿಯಲ್ಲಿ ದಿನ, ತಿಂಗಳು, ವರ್ಷ ಎಂದು ಬರೆಯುತ್ತೇವೆ. ಹಾಗೆ ಹೆಸರಿಟ್ಟರೆ ಎಲ್ಲ ತಿಂಗಳ ಒಂದನೆಯ ತಾರೀಖುಗಳೂ ಒಟ್ಟಿಗೆ ಬಂದು ಕೂರುತ್ತವೆ. 2025-11-03 ಎಂದು ವರ್ಷವನ್ನು ಮೊದಲು ಬರೆದರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ವಿಂಡೋಸ್ ತಾನಾಗಿ ಕೊಡುವ ತಾರೀಖಿನಲ್ಲಿ ಓರೆಗೆರೆ ಇದ್ದರೆ ತೊಂದರೆ. ಫೈಲಿನ ಹೆಸರಿನಲ್ಲಿ ಓರೆಗೆರೆ ಬರುವಂತಿಲ್ಲ. ಪವರ್‌ಶೆಲ್‌ನ ‘ಗೆಟ್-ಡೇಟ್’ ಆಜ್ಞೆಗೆ ಬೇಕಾದ ಕ್ರಮವನ್ನು ಹೇಳಿದರೆ ಅದು ಹಾಗೆಯೇ ಬರೆದುಕೊಡುತ್ತದೆ. ಲಿನಕ್ಸ್‌ನಲ್ಲಿ ‘ಡೇಟ್’ ಆಜ್ಞೆ ಇದೇ ಕೆಲಸ ಮಾಡುತ್ತದೆ.

ಮೂರನೆಯ ಸಾಲಿಗೆ ‘ಟಾರ್’ ಎಂಬ ಹಳೆಯ ಆಜ್ಞೆ ಇದೆ. ಟೇಪ್ ಆರ್ಕೈವ್ ಎಂಬುದರ ಹ್ರಸ್ವರೂಪ ಅದು. 1979ರ ಯುನಿಕ್ಸ್‌ನಲ್ಲಿ ಬಂದಾಗ ಫೈಲುಗಳನ್ನು ಕಾಂತಪಟ್ಟಿಯ ಮೇಲೆ ಉಳಿಸಲು ಬಳಸುತ್ತಿದ್ದರು. ಟೇಪು ಮೂಲೆಗೆ ಸೇರಿತು, ಟಾರ್ ಇನ್ನೂ ಉಳಿದಿದೆ. ವಿಂಡೋಸ್ 10ರಲ್ಲಿಯೂ 2018ರಿಂದ ಅದು ಸೇರಿಕೊಂಡಿದೆ. ಬೇರೆ ಏನನ್ನೂ ಕೊಂಡು ತರಬೇಕಾಗಿಲ್ಲ.

ನಾಲ್ಕನೆಯ ಸಾಲಿನಲ್ಲಿ ಚಿತ್ರಗಳನ್ನು ಏಕೆ ಬೇರೆ ಮಾಡಬೇಕು? ಲೆಕ್ಕ ಹಾಕಿ ನೋಡಿ. ಫೋನಿನ ಒಂದು ಚಿತ್ರ 4 ಮೆಗಾಬೈಟ್ ಎಂದಿಟ್ಟುಕೊಂಡರೆ ಎರಡು ಸಾವಿರ ಚಿತ್ರಗಳಿಗೆ 8 ಗಿಗಾಬೈಟ್. ದಿನವೂ ಅಷ್ಟನ್ನೂ ಗಂಟು ಕಟ್ಟಿದರೆ ಒಂದೇ ವಾರಕ್ಕೆ 56 ಗಿಗಾಬೈಟ್ ಆಯಿತು. 64ರ ಪೆನ್ ಡ್ರೈವು ತುಂಬಿತು! ಹಿಂಡಿ ಚಿಕ್ಕದು ಮಾಡೋಣವೆಂದರೆ ಅದೂ ಆಗುವುದಿಲ್ಲ. ಬರೀ ಅಕ್ಷರಗಳ ಫೈಲನ್ನು ಹಿಂಡಿದರೆ ಬಹಳ ಕುಗ್ಗುತ್ತದೆ. ಜೆಪೆಗ್ ಚಿತ್ರ ಮೊದಲೇ ಹಿಂಡಿದ ಕಬ್ಬು, ಮತ್ತೆ ಗಾಣಕ್ಕೆ ಹಾಕಿದರೆ ರಸ ಬರುವುದಿಲ್ಲ. ಚಿತ್ರಗಳು ಬದಲಾಗುವುದೂ ಇಲ್ಲ. ಆದ್ದರಿಂದ ಒಮ್ಮೆ ನಕಲು ಮಾಡಿದರೆ ಸಾಕು, ಹೊಸದು ಬಂದಾಗ ಅದನ್ನಷ್ಟೇ ಸೇರಿಸಬೇಕು.

ಈ ಕೆಲಸಕ್ಕೆ ವಿಂಡೋಸ್‌ನಲ್ಲಿ ‘ರೋಬೋಕಾಪಿ’ ಇದೆ. ಎರಡೂ ಕಡೆಯ ಫೈಲುಗಳ ಗಾತ್ರ ಮತ್ತು ಹೊತ್ತನ್ನು ಹೋಲಿಸಿ, ಒಂದೇ ಆಗಿದ್ದರೆ ಬಿಟ್ಟು ಮುಂದೆ ಹೋಗುತ್ತದೆ. ಲಿನಕ್ಸ್ ಬಳಸುವವರಿಗೆ 1996ರಲ್ಲಿ ಬಂದ ‘ಆರ್‌ಸಿಂಕ್’ ಇದೆ. ಇಲ್ಲಿ ಒಂದು ಎಚ್ಚರಿಕೆ. ರೋಬೋಕಾಪಿಗೆ ‘ಮಿರ್’ ಎಂಬ ಆಯ್ಕೆ ಇದೆ. ಮಿರರ್, ಅಂದರೆ ಕನ್ನಡಿ. ಅದನ್ನು ಕೊಟ್ಟರೆ ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಲ್ಲಿಯೂ ಅಳಿಸಿಹಾಕುತ್ತದೆ. ಲ್ಯಾಪ್‌ಟಾಪಿನಲ್ಲಿ ಅಜ್ಜನ ಚಿತ್ರ ಕೈತಪ್ಪಿ ಅಳಿಸಿದ ದಿನ ರಾತ್ರಿ ಸ್ಕ್ರಿಪ್ಟು ಓಡಿತೆಂದರೆ ಪೆನ್ ಡ್ರೈವಿನ ಚಿತ್ರವೂ ಹೋಯಿತು. ಹೊಸಬರು ಈ ಆಯ್ಕೆಯ ತಂಟೆಗೆ ಹೋಗಬಾರದು. ಒಳಫೋಲ್ಡರುಗಳನ್ನೂ ಸೇರಿಸಿ ನಕಲಿಸುವ ‘ಇ’ ಆಯ್ಕೆ ಸಾಕು. ಹಳೆಯ ಗಂಟುಗಳನ್ನು ತೆಗೆಯುವ ಕೆಲಸವನ್ನೂ ಸ್ಕ್ರಿಪ್ಟಿಗೆ ಕೊಡದೆ, ತಿಂಗಳಿಗೊಮ್ಮೆ ಕಣ್ಣಾರೆ ನೋಡಿ ಕೈಯಾರೆ ಮಾಡುವುದೇ ಲೇಸು. ತಿಂಗಳಿಗೊಂದು ಗಂಟನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆದರೆ ಜಾಗವೂ ಸಾಲುತ್ತದೆ.

ಆರನೆಯ ಸಾಲಿನಲ್ಲಿ ಹಲವರು ಮುಗ್ಗರಿಸುತ್ತಾರೆ. ಕಂಪ್ಯೂಟರಿನ ಬಹುಪಾಲು ಆಜ್ಞೆಗಳು ಕೆಲಸ ಸರಿಯಾದರೆ ಸೊನ್ನೆ ಎಂದೂ, ತಪ್ಪಾದರೆ ಬೇರೆ ಅಂಕಿಯನ್ನೂ ಹೇಳುತ್ತವೆ. ರೋಬೋಕಾಪಿಯ ರೀತಿಯೇ ಬೇರೆ. ಹೊಸ ಫೈಲುಗಳನ್ನು ಸರಿಯಾಗಿ ನಕಲಿಸಿದರೆ ಅದು 1 ಎನ್ನುತ್ತದೆ. 8 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಬಂದರೆ ಮಾತ್ರ ಏನೋ ಕೆಟ್ಟಿದೆ ಎಂದರ್ಥ. ಇದು ತಿಳಿಯದೆ ಬರೆದ ಸ್ಕ್ರಿಪ್ಟು ಎಲ್ಲ ಸರಿಯಿದ್ದಾಗಲೂ ‘ತಪ್ಪಾಯಿತು’ ಎಂದು ಕೂಗುತ್ತಿರುತ್ತದೆ. ಕೂಗಿ ಕೂಗಿ ಕೇಳುವವರಿಗೆ ಅಭ್ಯಾಸವಾಗಿ, ನಿಜವಾಗಿ ತಪ್ಪಿದ ದಿನ ಯಾರೂ ತಿರುಗಿ ನೋಡುವುದಿಲ್ಲ.

ಈ ಚೀಟಿಯನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಹೆಸರಿನ ಕೊನೆಗೆ ‘ಡಾಟ್ ಬ್ಯಾಟ್’ ಎಂದು ಸೇರಿಸಿ ಉಳಿಸಿದರೆ ಸ್ಕ್ರಿಪ್ಟು ಸಿದ್ಧ. ಟಾಸ್ಕ್ ಶೆಡ್ಯೂಲರಿಗೆ “ದಿನಾ ರಾತ್ರಿ ಒಂಬತ್ತಕ್ಕೆ ಇದನ್ನು ಓಡಿಸು” ಎಂದು ಹೇಳಿಡಬಹುದು. ಆ ಹೊತ್ತಿಗೆ ಯಂತ್ರ ಚಾಲೂ ಇರಬೇಕು, ಪೆನ್ ಡ್ರೈವು ಹಾಕಿರಬೇಕು, ಅಷ್ಟೇ. ಮೊದಲ ಸಲ ನಿಜವಾದ ಫೈಲುಗಳ ಮೇಲೆ ಓಡಿಸದೆ, ಹುಸಿ ಫೈಲುಗಳ ಒಂದು ಫೋಲ್ಡರು ಮಾಡಿಕೊಂಡು ಪರೀಕ್ಷಿಸುವುದು ಜಾಣತನ.

ಮೂರು, ಎರಡು, ಒಂದು

ಎಷ್ಟು ಪ್ರತಿಗಳಿದ್ದರೆ ಸಾಕು? ಅತ್ತಿಮಬ್ಬೆಯಂತೆ ಸಾವಿರ ಬೇಡ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ‘ಮೂರು-ಎರಡು-ಒಂದು’ ಸೂತ್ರ ನೆನಪಿಡಲು ಸುಲಭ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಮನೆಯ ಹೊರಗೆ.

ಮೊರಬದ ಮನೆಗೆ ಇದನ್ನು ಹೊಂದಿಸಿದರೆ ಹೀಗಾಗುತ್ತದೆ. ಲ್ಯಾಪ್‌ಟಾಪಿನಲ್ಲಿರುವುದು ಒಂದು. ತಿಜೋರಿಯಲ್ಲಿರುವ ಪೆನ್ ಡ್ರೈವು ಅಥವಾ ಹೊರ ಹಾರ್ಡ್ ಡಿಸ್ಕು ಎರಡು. ಮೂರನೆಯದು ಅಣ್ಣಿಗೇರಿಯ ಸೋದರಮಾವನ ಮನೆಯಲ್ಲಿ. ಹಬ್ಬಕ್ಕೆ ಹೋದಾಗ ಹಳೆಯದನ್ನು ತಂದು ಹೊಸದನ್ನು ಕೊಟ್ಟು ಬರಬಹುದು. ಹಳ್ಳ ಉಕ್ಕಿ ಮೊರಬದ ಮನೆಗೆ ನೀರು ನುಗ್ಗಿದರೂ ಮಾವನ ಮನೆಯ ಪ್ರತಿ ಒಣಗಿರುತ್ತದೆ. ಬೇರೆಯವರ ಮನೆಯಲ್ಲಿಡುವ ಪ್ರತಿಗೆ ಗುಪ್ತಪದ ಹಾಕುವುದು ಒಳ್ಳೆಯದು. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಅದರಲ್ಲಿರುತ್ತವಲ್ಲ. ಆ ಗುಪ್ತಪದವನ್ನು ಮನೆಯ ಇಬ್ಬರಾದರೂ ಬಲ್ಲವರಾಗಿರಬೇಕು. ಬೀಗದ ಕೈ ಕಳೆದರೆ ತಿಜೋರಿ ಇದ್ದೂ ಇಲ್ಲದಂತೆ.

ಕೆಲಸ ಮುಗಿದೊಡನೆ ಪೆನ್ ಡ್ರೈವು ಕಿತ್ತಿಡುವುದನ್ನು ಮರೆಯಬಾರದು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಕುತಂತ್ರಾಂಶ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಜಡಿದು ಸುಲಿಗೆಯ ಹಣ ಕೇಳಿತು. ಅಂಥ ಕುತಂತ್ರಾಂಶಗಳು ಯಂತ್ರಕ್ಕೆ ಅಂಟಿಕೊಂಡಿರುವ ಪೆನ್ ಡ್ರೈವನ್ನೂ ಬಿಡುವುದಿಲ್ಲ. ತಿಜೋರಿಯೊಳಗೆ ಇರುವುದನ್ನು ಮುಟ್ಟಲಾರವು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಫೈಲುಗಳನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಫೈಲು ಉಳಿದಿದೆ, ಓದು ಉಳಿದಿಲ್ಲ! ಅಂಥವನ್ನು ಯೂನಿಕೋಡ್‌ಗೆ ಬದಲಿಸಿ, ಜೊತೆಗೊಂದು ಪಿಡಿಎಫ್ ಪ್ರತಿ ಮಾಡಿ ಗಂಟಿಗೆ ಸೇರಿಸಿದರೆ ಮೊಮ್ಮಕ್ಕಳೂ ಓದಿಯಾರು.

ಹಗೇವು ತೆರೆದು ನೋಡಿ

ಧಾರವಾಡ ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು-ಮಣ್ಣು ಮುಚ್ಚಿ ಕಾಪಾಡುತ್ತಿದ್ದ ಕಣಜ ಅದು. ಬರಗಾಲದಲ್ಲಿ ಊರಿಗೆ ಊರೇ ಅದನ್ನು ನೆಚ್ಚಿಕೊಳ್ಳುತ್ತಿತ್ತು. ಆದರೆ ಒಳಗೆ ನೀರು ಜಿನುಗಿದರೆ ಮೇಲೆ ನಿಂತವರಿಗೆ ತಿಳಿಯುವುದಿಲ್ಲ. ತೆರೆದಾಗಲೇ ಕಾಳು ಕೆಟ್ಟಿದೆಯೋ ಇಲ್ಲವೋ ಗೊತ್ತಾಗುವುದು.

ಬ್ಯಾಕಪ್ ಕೂಡ ಮುಚ್ಚಿದ ಹಗೇವು. ದಿನಚರಿಯಲ್ಲಿ ದಿನವೂ ‘ಆಯಿತು’ ಎಂದು ಬರೆದಿರಬಹುದು. ಒಳಗಿನ ಗಂಟು ಬಿಚ್ಚಲು ಬರುತ್ತದೆಯೇ ಎಂಬುದು ಬಿಚ್ಚಿದಾಗಲೇ ತಿಳಿಯುತ್ತದೆ. ಪಿಕ್ಸಾರ್ ಸಂಸ್ಥೆಗೆ ಆದದ್ದು ಇದೇ. ಆದ್ದರಿಂದ ತಿಂಗಳಿಗೊಮ್ಮೆ, ಸಾಧ್ಯವಾದರೆ ಬೇರೊಂದು ಕಂಪ್ಯೂಟರಿನಲ್ಲಿ, ಒಂದು ಹಳೆಯ ಗಂಟನ್ನು ಬಿಚ್ಚಿ ನಾಲ್ಕು ಫೈಲು ತೆರೆದು ಓದಬೇಕು. ಪೆನ್ ಡ್ರೈವುಗಳನ್ನು ಹತ್ತಾರು ವರ್ಷ ನಂಬಿ ಕೂರುವಂತಿಲ್ಲ. ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ಬದಲಿಸಬೇಕು.

ಕಣ್ಣಿಗೆ ಕಾಣದ ಕೊಳೆತವನ್ನು ಹಿಡಿಯಲು ಯಂತ್ರದ ಬಳಿಯೇ ಒಂದು ಉಪಾಯವಿದೆ. ಒಂದು ಫೈಲನ್ನು ‘ಎಸ್‌ಎಚ್‌ಎ-256’ ಎಂಬ ಲೆಕ್ಕಕ್ಕೆ ಹಾಕಿದರೆ 64 ಅಕ್ಷರ-ಅಂಕಿಗಳ ಒಂದು ಮುದ್ರೆ ಸಿಗುತ್ತದೆ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಗಂಟು ಕಟ್ಟಿದ ದಿನದ ಮುದ್ರೆಯನ್ನು ದಿನಚರಿಯಲ್ಲಿ ಬರೆದಿಟ್ಟು, ಆರು ತಿಂಗಳ ನಂತರ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಗಂಟು ಹಾಗೆಯೇ ಇದೆಯೇ ಎಂಬುದು ತಿಳಿಯುತ್ತದೆ. ವಿಂಡೋಸ್‌ನ ‘ಸರ್ಟ್‌ಯುಟಿಲ್’ ಈ ಲೆಕ್ಕ ಮಾಡಿಕೊಡುತ್ತದೆ. ಸ್ಕ್ರಿಪ್ಟಿಗೆ ಇದೊಂದು ಸಾಲು ಹೆಚ್ಚು ಅಷ್ಟೇ.

ಹೆತ್ತವರು ಕೇಳಬೇಕಾದ ಮಾತು

ಇದರಲ್ಲಿ ಹೆತ್ತವರ ಪಾಲು ಏನು? ಕಂಪ್ಯೂಟರು ಬಾರದ ತಾಯಿತಂದೆಯರು ತಮಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಳ್ಳಬೇಕಾಗಿಲ್ಲ. ಮನೆಯ ಯಾವ ಕಾಗದ ಮುಖ್ಯ, ಯಾವ ಚಿತ್ರದಲ್ಲಿ ಇರುವವರು ಯಾರು ಎಂಬುದು ಮಕ್ಕಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಚಿತ್ರ ಉಳಿದರೂ ಅದರಲ್ಲಿರುವವರ ಹೆಸರು ಉಳಿಯದಿದ್ದರೆ ಏನು ಬಂತು? ಒಂದು ಸಂಜೆ ಕೂತು ಅವ್ವ ಹೆಸರು ಹೇಳುತ್ತ ಹೋದರೆ ಮಗಳು ಬರೆದು, ಆ ಪಟ್ಟಿಯನ್ನೂ ಗಂಟಿಗೆ ಸೇರಿಸಬಹುದು. ಮನೆಯಲ್ಲಿ ಕಂಪ್ಯೂಟರು ಇಲ್ಲದೆ ಫೋನಷ್ಟೇ ಇದ್ದರೆ, ನಂಬಿಕೆಯ ನೆಂಟರ ಅಥವಾ ಗೆಳೆಯರ ಯಂತ್ರಕ್ಕೆ ತಿಂಗಳಿಗೊಮ್ಮೆ ಕೇಬಲ್ಲಿನಿಂದ ಜೋಡಿಸಿ ಚಿತ್ರ-ಕಾಗದಗಳನ್ನು ಸ್ವಂತ ಪೆನ್ ಡ್ರೈವಿಗೆ ಇಳಿಸಿಕೊಳ್ಳಬಹುದು.

ಸ್ಕ್ರಿಪ್ಟು ಬರೆದ ಮಕ್ಕಳಿಗೆ ಸಿಗುವ ಲಾಭ ಫೈಲು ಉಳಿಯುವುದಷ್ಟೇ ಅಲ್ಲ. ಕೆಲಸವನ್ನು ಹೆಜ್ಜೆಗಳಾಗಿ ಬಿಡಿಸುವುದು, ಎಲ್ಲಿ ತಪ್ಪಬಹುದು ಎಂದು ಮೊದಲೇ ಯೋಚಿಸುವುದು, ಆದ ತಪ್ಪನ್ನು ಮುಚ್ಚಿಡದೆ ಹೇಳುವುದು — ಪ್ರೋಗ್ರಾಮಿಂಗಿನ ಮೊದಲ ಪಾಠಗಳು ಇವೇ. ಪಠ್ಯಪುಸ್ತಕದ ಲೆಕ್ಕ ತಪ್ಪಿದರೆ ಎರಡು ಅಂಕ ಹೋಗುತ್ತವೆ. ಇಲ್ಲಿ ತಪ್ಪಿದರೆ ಅಜ್ಜನ ಮುಖ ಹೋಗುತ್ತದೆ. ಅಂಥ ಕೆಲಸದಲ್ಲಿ ಕಲಿತದ್ದು ಮರೆಯುವುದಿಲ್ಲ.

ಮೊರಬದ ಆ ಮನೆಗೆ ಇನ್ನೊಮ್ಮೆ ಬರೋಣ. ಸ್ಕ್ರಿಪ್ಟು ಸಿದ್ಧವಾಗಿದೆ. ರಾತ್ರಿ ಊಟವಾದ ಮೇಲೆ ಪರದೆಯ ಮೇಲೆ ‘ಆಯಿತು’ ಎಂದು ಮೂಡಿದೆ. ಮಗಳು ಹೆಮ್ಮೆಯಿಂದ ತೋರಿಸುತ್ತಾಳೆ. ಅಪ್ಪ ಅಷ್ಟಕ್ಕೆ ಒಪ್ಪುವವನಲ್ಲ.

“ಆತು ಅಂತ ಅದು ಹೇಳಿದ್ರ ಆತೇನವ್ವಾ? ತಗದು ತೋರಸು.”

ಮಗಳು ಪೆನ್ ಡ್ರೈವು ಕಿತ್ತು, ನೆರೆಮನೆಯ ಹುಡುಗನ ಕಂಪ್ಯೂಟರಿಗೆ ಹಾಕಿ, ಗಂಟು ಬಿಚ್ಚುತ್ತಾಳೆ. ವರದಿ ತೆರೆಯುತ್ತದೆ, ಉತಾರ ತೆರೆಯುತ್ತದೆ. ಕೊನೆಗೆ ‘ಚಿತ್ರ’ ಫೋಲ್ಡರಿನಿಂದ ರುಮಾಲು ಸುತ್ತಿದ ಅಜ್ಜ ಪರದೆಯ ಮೇಲೆ ಬಂದು ನಿಲ್ಲುತ್ತಾನೆ.

“ಹೂಂ,” ಎನ್ನುತ್ತಾನೆ ಅಪ್ಪ, “ಮೊಳಕಿ ಬಂತು ನೋಡು.”